ಮುನಿರಾಜುವಿನ ಎಂಟನೆಯ ಟಿಕೆಟ್ಟು

ಮುನಿರಾಜುವಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಟಿಕೆಟ್ಟಿನ ಜಗಳವಾದ ಮೇಲೆ ಅಮೆರಿಕದ ಸ್ಯಾನ್ ಹೊಸೆಯ ಕನ್ನಡದವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಆ ಕೋಪ ಯಾಕೆ ಬಂತು ಎಂದು ಕೇಳಿದವನು ಒಬ್ಬನಾದರೂ ಇದ್ದನೇ?

ಅವನಪ್ಪ ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಪರೇಡಿನ ಟ್ಯೂನುಗಳೆಲ್ಲ ಹೊಟ್ಟೆಪಾಡಿಗೆ. ಮನೆಗೆ ಬಂದರೆ, ಬ್ಯಾಂಡ್‌ಮಾಸ್ಟರು ಕೊಟ್ಟ ಯುರೋಪಿನ ಹಳೆಯ ಕೃತಿಯೊಂದರ ಹಾಳೆಗಳನ್ನು ಎದುರಿಗಿಟ್ಟುಕೊಂಡು ಅದರ ನಿಧಾನ ಭಾಗವನ್ನು ನುಡಿಸುತ್ತಿದ್ದ. ಅವನ ಬಳಿ ಇದ್ದದ್ದು ಕ್ಲಾರಿನೆಟ್ಟಿನ ಹಾಳೆ ಮಾತ್ರ. ಸುತ್ತಲಿನ ಪಿಟೀಲುಗಳು ಏನು ನುಡಿಸುತ್ತವೆ ಎಂದು ತಿಳಿಯದೆಯೇ ಮೂವತ್ತು ವರ್ಷ ನುಡಿಸಿ ತೀರಿಕೊಂಡ. ಅಮೆರಿಕಕ್ಕೆ ಬಂದ ಮೇಲೆ ಮುನಿರಾಜು ಅದರ ಸೀಡಿ ಕೊಂಡು ಕೇಳಿ, ಗ್ಯಾರೇಜಿನಲ್ಲಿ ಕೂತು ಅತ್ತಿದ್ದ. ಒಂದು ಸಲವಾದರೂ ಅದು ಹುಟ್ಟಿದ ನೆಲದಲ್ಲೇ, ನುಡಿಸುವವರ ಎದುರಿಗೇ ಕೂತು ಅದನ್ನು ಕೇಳಬೇಕು. ಐವತ್ತೆರಡು ವರ್ಷದ ಅವನಿಗೆ ಇದ್ದ ಆಸೆ ಅದೊಂದೇ.

ವಾರವೆಲ್ಲ ಸರ್ಕ್ಯೂಟ್ ಬೋರ್ಡುಗಳನ್ನು ಟೆಸ್ಟ್ ಮಾಡುವ ಕೆಲಸ. ಶನಿವಾರ ಬಂತೆಂದರೆ ಫಾಸ್ಟರ್ ಸಿಟಿಯಲ್ಲಿ ಜಯರಾಮನ ಮನೆ. ಜಯರಾಮ್ ಆಗತಾನೇ ಡಾಟ್‌ಕಾಮ್ ಕಂಪನಿ ತೆರೆದವನು. ಎರಡು ಸಾವಿರದ ಇಸವಿಯ ಬೇಸಿಗೆಗೆ ಆ ಕೃತಿ ಹುಟ್ಟಿದ ಆಸ್ಟ್ರಿಯಾದಲ್ಲಿ, ಅದನ್ನೂ ನುಡಿಸುವ ಸಂಗೀತೋತ್ಸವಕ್ಕೆ ತಾನು, ಹೆಂಡತಿ, ಮುನಿರಾಜು ಎಲ್ಲ ಸೇರಿ ಎಂಟು ಜನ ಹೋಗೋಣ ಎಂದು ಗುಂಪು ಕಟ್ಟಿದವನು. ಗುಂಪು ಕಟ್ಟಿದ್ದಷ್ಟೇ ಅವನು. ಉತ್ಸವದ ಆಫೀಸಿಗೆ ಫ್ಯಾಕ್ಸ್ ಮೇಲೆ ಫ್ಯಾಕ್ಸ್ ಕಳಿಸಿ ಟಿಕೆಟ್ಟು ಗಿಟ್ಟಿಸಿದವನು ಮುನಿರಾಜು. ಸೊನಾಟಾ ಅಂದರೆ ತಿನ್ನುವುದೋ ಉಡುವುದೋ ತಿಳಿಯದವರನ್ನು ಕೂರಿಸಿಕೊಂಡು, ಎಲ್ಲಿ ಚಪ್ಪಾಳೆ ತಟ್ಟಬಾರದು ಎಂಬಲ್ಲಿಂದ ಶುರುಮಾಡಿ ಆರು ತಿಂಗಳು ಪಾಠ ಹೇಳಿದವನೂ ಅವನೇ.

ಮೇ ತಿಂಗಳಲ್ಲಿ ಉತ್ಸವದ ಟಿಕೆಟ್ಟುಗಳು ಅವನ ಮನೆಗೆ ಬಂದವು. ಆ ಶನಿವಾರ ಲಕೋಟೆ ಹಿಡಿದುಕೊಂಡು ಹೋದ. ಜಯರಾಮನ ಹೆಂಡತಿ ಕಾವ್ಯಾ ಎಂದೂ ಇಲ್ಲದ ಹಾಗೆ ಬಾಗಿಲಿಗೇ ಬಂದು ಕರೆದು ಕಾಫಿ ಕೊಟ್ಟಾಗಲೇ ಅವನಿಗೆ ಅನುಮಾನ ಬರಬೇಕಿತ್ತು.

"ಮುನಿರಾಜಣ್ಣ, ಒಂದ್ ಸಣ್ಣ ಚೇಂಜು," ಎಂದ ಜಯರಾಮ್. "ನಂಜುಂಡಸ್ವಾಮಿಯವರು ನಾನೂ ಬರ್ತೀನಿ ಅಂತಿದಾರೆ. ನಮ್ ಕಂಪನಿ ಫಂಡಿಂಗು ಅವರ ಕೈಲೇ ಇರೋದು. ಇಲ್ಲ ಅನ್ನಕ್ಕಾಗುತ್ತಾ?"

"ಸೀಟು ಎಂಟೇ ಅಲ್ವೇನಪ್ಪ?"

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಬೇರೆಯವರನ್ನ ಕೇಳಿದ್ರೆ ಬೇಜಾರು ಮಾಡ್ಕೋತಾರೆ. ನೀವು ನಮ್ಮವರು, ಅಡ್ಜಸ್ಟ್ ಮಾಡ್ಕೋತೀರ. ಮುಂದಿನ ವರ್ಷ ನೋಡೋಣ."

ನಮ್ಮವರಂತೆ. ನಮ್ಮ ಜನಕ್ಕೆ ಅಂಟಿದ ರೋಗ ಇದು. ಮದುವೆಮನೆಯಲ್ಲಿ ಎಲೆ ಸಾಲದೆ ಬಂದರೆ, ಬೆಳಗಿನಿಂದ ಮೈಮುರಿದು ದುಡಿದ ನಮ್ಮವನೇ ಪಂಕ್ತಿಯಿಂದ ಏಳಬೇಕು. ಈಗತಾನೇ ಬಂದವನಿಗೆ ಹೋಳಿಗೆ ತುಪ್ಪ. ಮುನಿರಾಜು ಹುಟ್ಟಿದಾಗಿನಿಂದ ಹಾಗೆ ಎದ್ದೇ ಬಂದಿದ್ದ. ತಮ್ಮ ಕಾಲೇಜು ಸೇರಲೆಂದು ತಾನು ಕ್ಲಾರಿನೆಟ್ ಕಲಿಯುವುದನ್ನು ಬಿಟ್ಟು ಕೆಲಸಕ್ಕೆ ಸೇರಿದ್ದ. ಆಫೀಸಿನಲ್ಲಿ ತಾನೇ ಕೆಲಸ ಕಲಿಸಿದ ಹುಡುಗನಿಗೆ ತನ್ನ ಬಡ್ತಿ ಹೋದಾಗ ನಗುನಗುತ್ತಾ ಕೈಕುಲುಕಿದ್ದ. ಒಳ್ಳೆಯವನು ಎನಿಸಿಕೊಂಡಿದ್ದಷ್ಟೇ ಬಂದ ಲಾಭ.

"ಏರ್‌ಪೋರ್ಟಿಗೆ ಮಾತ್ರ ನೀವೇ ವ್ಯಾನು ಓಡಿಸ್ಬೇಕು ಅಣ್ಣ," ಎಂದಳು ಕಾವ್ಯಾ. "ಮುಂದಿನ ಶನಿವಾರ ನಂಜುಂಡಸ್ವಾಮಿಯವರಿಗೂ ಒಂದೆರಡು ಪಾಠ ಹೇಳ್ಬಿಡಿ, ಪಾಪ, ಅವರಿಗೇನೂ ಗೊತ್ತಿಲ್ಲ."

ಮುನಿರಾಜುವಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕಾಫಿ ಲೋಟವನ್ನು ಕುಕ್ಕಿ, ಲಕೋಟೆ ಹರಿದು, ಒಂದು ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಉಳಿದ ಏಳನ್ನು ಮೇಜಿನ ಮೇಲೆ ಎಸೆದ.

"ನಮ್ಮವನು ಅಂದ್ರೆ ಬಾಗಿಲಲ್ಲಿ ಕಾಲೊರೆಸೋ ಮ್ಯಾಟು ಅನ್ಕೊಂಡ್ಯಾ ಜಯರಾಮ್? ಪಾಠಕ್ಕೆ ನಾನು, ಫ್ಯಾಕ್ಸಿಗೆ ನಾನು, ವ್ಯಾನಿಗೆ ನಾನು. ಕೂತು ಕೇಳಕ್ಕೆ ಇನ್ಯಾರೋ. ಇದು ನಂದು. ಕೊಡಲ್ಲ."

"ಒಂದು ಟಿಕೆಟ್ಟಿಗೆ ಇಷ್ಟು ಸಿಟ್ಟಾ ಅಣ್ಣ?"

"ಒಂದೇ ಟಿಕೆಟ್ಟಲ್ವಾ? ಹಾಗಿದ್ರೆ ನೀನೇ ಬಿಟ್ಕೊಡು. ನೀನೂ ನಮ್ಮವನೇ."

ಜಯರಾಮ್ ಹೆಂಡತಿಯ ಮುಖ ನೋಡಿದ. ಮೆಲ್ಲಗೆ ಕೈಚಾಚಿ, ಮೇಜಿನ ಮೇಲಿದ್ದ ಏಳರಲ್ಲಿ ಎರಡನ್ನು ಎಳೆದುಕೊಂಡು ಅಂಗಿಯ ಜೇಬಿಗೆ ಸೇರಿಸಿದ.