ಕೋಸೆಟ್ಟಿಗೊಬ್ಬರು, ಮನೆಗೊಬ್ಬರು

ಎಪ್ಪತ್ತರ ದಶಕದ ಮೊದಲಲ್ಲಿ ದೊಡ್ಡಬಳ್ಳಾಪುರದಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನಾನು ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಏನು ಸಂಶೋಧನೆ ಎಂದು ಕೇಳಿದವರ ಪಾಪ ಅವರಿಗೆ. ಟೋಪಾಲಜಿ, ಅಂದರೆ ಹತ್ತಿರ-ದೂರದ ಲೆಕ್ಕ, ಇರುವ ದೊಡ್ಡ ಗ್ರೂಪೊಂದನ್ನು ಅದರೊಳಗಿನ ಚಿಕ್ಕ ಗ್ರೂಪಿನಿಂದ ಪಾಲು ಮಾಡಿದರೆ ಕೋಸೆಟ್ ಎಂಬ ತುಂಡುಗಳಾಗುತ್ತವೆ. ಪ್ರತಿ ತುಂಡಿನಿಂದ ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸಬೇಕು. ಆರಿಸಿದವರೆಲ್ಲ ಸೇರಿದ ಗುಂಪು ಅಳತೆಗೆ ಸಿಗುವಂತಿರಬೇಕು. ಲೋಕವೆಲ್ಲ ಇದಕ್ಕೇ ಕಾಯುತ್ತಿದೆ ಎಂದು ನಾನು ನಂಬಿದ್ದೆ. 'ಪ್ರತಿ ಕೋಸೆಟ್ಟಿನಿಂದ ಯಾರಾದರೊಬ್ಬರನ್ನು ತೆಗೆದುಕೊಳ್ಳೋಣ' ಎಂದು ಬರೆದು, ಅಧ್ಯಾಯ ಮುಗಿಸಿ, ಗುರುಗಳ ಮೇಜಿನ ಮೇಲಿಟ್ಟು ಬಂದೆ.

ಆ ವಾರವೇ ಅಕ್ಕನ ಮದುವೆಗೆ ಕರೆಯುವ ಕೆಲಸ. ಜಮೀನು ಪಾಲಾದ ಮೇಲೆ ಅಪ್ಪನಿಗೂ ಸಾಸಲು ಹಳ್ಳಿಯಲ್ಲಿದ್ದ ದೊಡ್ಡಪ್ಪನಿಗೂ ಮಾತು ನಿಂತಿತ್ತು. ಮದುವೆಗೆ ಅಣ್ಣ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಅಪ್ಪನಿಗೆ. ತಾವೇ ಹೋಗಲು ಬಿಗುಮಾನ. ನನ್ನ ಕೈಗೆ ಕುಂಕುಮ, ಅಕ್ಷತೆ ಕೊಟ್ಟು, "ಮನೆಗೊಬ್ಬರಿಗೆ ಹೇಳ್ಬಿಟ್ಟು ಬಾರೋ" ಎಂದರು.

ಮನೆಗೊಬ್ಬರು! ಇದು ನನ್ನದೇ ಅಧ್ಯಾಯವಲ್ಲವೇ? ಇಡೀ ಸಾಸಲನ್ನು ಒಂದೇ ಬೆಳಗಿನಲ್ಲಿ ಮುಗಿಸಿದೆ. ಬಾಗಿಲಲ್ಲಿ ಸಿಕ್ಕವರಿಗೆ ಅಕ್ಷತೆ, ಮುಂದಿನ ಮನೆ. ದೊಡ್ಡಪ್ಪನ ಮನೆಯಲ್ಲಿ ಬಾಗಿಲಿಗೆ ಬಂದವಳು ಹೊಸ ಸೊಸೆ.

"ಮಾವ ಹಿತ್ತಲಲ್ಲವ್ರೆ, ಕರೀತೀನಿ ಇರಿ" ಎಂದಳು.

"ಬೇಡ ಬಿಡಮ್ಮ, ನಿಂಗೆ ಹೇಳಿದ್ರೆ ಎಲ್ಲಾರ್ಗೂ ಹೇಳ್ದಂಗೆ" ಎಂದು ವಿದ್ವತ್ತು ಮೆರೆದು ಬಂದೆ.

ಮನೆಯ ಹಿರಿಯರ ಮುಂದೆ ನಿಂತು ಹೇಳದ ಕರೆ ನಮ್ಮಲ್ಲಿ ಕರೆಯೇ ಅಲ್ಲ. ಇದು ಎಮ್ಮೆ ಕಾಯುವವರಿಗೂ ಗೊತ್ತಿತ್ತು, ಎಂ.ಎಸ್ಸಿ.ಯಲ್ಲಿ ಮಾತ್ರ ಹೇಳಿಕೊಟ್ಟಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಆ ಒಕ್ಕಾಲು.

ಮದುವೆಯ ದಿನ ಧಾರೆ ಮುಗಿಯುವವರೆಗೂ ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು. ದೊಡ್ಡಪ್ಪ ಬರಲಿಲ್ಲ.

"ಅಣ್ಣಂಗೇ ಹೇಳ್ದೆ ತಾನೇ?" ಎಂದು ಅಪ್ಪ ಕೇಳಿದರು.

"ಹೂಂ, ಹೇಳ್ದೆ" ಎಂದೆ.

'ನಾನು ಬದುಕಿರುವಾಗಲೇ ಸೊಸೆಗೆ ಕರೆ ಕೊಟ್ಟಿದ್ದಾರೆ' ಎಂದು ದೊಡ್ಡಪ್ಪ ನಾನು ಕರೆದು ಬಂದ ದಿನವೇ ಊಟ ಬಿಟ್ಟು ಎದ್ದರಂತೆ. ಮುಂದೊಮ್ಮೆ ಆ ಸೊಸೆಯೇ ನನಗೆ ಹೇಳಿದಳು. ನಾಚಿಕೆಯಿಂದ ಹಿಡಿಯಷ್ಟಾದೆ.

ಗುರುಗಳು ಅಧ್ಯಾಯವನ್ನು ಹಿಂತಿರುಗಿಸಿದಾಗ ಅಂಚಿನಲ್ಲಿ ಕೆಂಪು ಶಾಯಿ: 'ಯಾರಾದರೊಬ್ಬರು ಎಂದರೆ ಯಾರು? ಯಾವ ನಿಯಮದಿಂದ?' ನಿಯಮವಿಲ್ಲದೆ ಆರಿಸಿದರೆ ಗುಂಪು ಅಳತೆಗೆ ಸಿಗದೇ ಹೋಗಬಹುದು. ಎರಡೂ ಗ್ರೂಪುಗಳ ಮೇಲೆ ಒಂದೆರಡು ಷರತ್ತು ಹಾಕಿ, ಆರಿಸುವ ನಿಯಮವೊಂದನ್ನು ಹುಡುಕಿ, ಎರಡು ತಿಂಗಳಲ್ಲಿ ತಿದ್ದಿದೆ. ಡಾಕ್ಟರೇಟೂ ಬಂತು.

ಕರೆದರೂ ಅಣ್ಣ ಬರಲಿಲ್ಲ ಎಂದೇ ಅಪ್ಪ ಸಾಯುವವರೆಗೂ ಕೊರಗಿದರು. ಪಕ್ಕದಲ್ಲೇ ಕೂತಿರುತ್ತಿದ್ದ ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ.