ಮೇಣದಕ್ಕನ ಊರಿನ ಜೇಡಿಗಲ್ಲು

ಅಣುಸ್ಥಾವರದ ಕಸವನ್ನು ಲಕ್ಷ ವರ್ಷ ಬಚ್ಚಿಡಲು ಜಾಗ ಬೇಕಂತೆ. ಕರೆಂಟು ಉರಿಸಿದವರು ನಾವೆಲ್ಲ; ಬೂದಿ ಸುರಿಯಲು ಮಾತ್ರ ಯಾರದೋ ಹಿತ್ತಿಲು. ಈ ಸಲದ ಹಿತ್ತಿಲು ಮೇಣದಕ್ಕನದು.

ಆಳದಿಂದ ಕೊರೆದು ತೆಗೆದ ಜೇಡಿಗಲ್ಲಿನ ದಿಂಡುಗಳಿಗೆ ಬೆಳ್ಳಿ ಬಣ್ಣದ ಹಾಳೆ ಸುತ್ತಿ, ಕರಗಿಸಿದ ಮೇಣ ಬಳಿಯುವುದು ಅವಳ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಗಾಳಿ ತಾಕಿದರೆ ಜೇಡಿಗಲ್ಲು ಒಣಗಿ ಬಿರಿಯುತ್ತದೆ. ನೆಲದಡಿಯಲ್ಲೇ ಬಿರುಕಿದ್ದರಂತೂ ನೀರು ನುಸುಳುತ್ತದೆ; ಅಂಥ ಜಾಗ ಕಸ ಹೂಳಲು ಬಾರದು. ಈ ಪರೀಕ್ಷೆಗೆಂದೇ ಅವಳ ಊರನ್ನು ಖಾಲಿ ಮಾಡಿಸಿ ಬೇಲಿ ಹಾಕಿದ್ದರು. "ಕಲ್ಲು ಫೇಲಾದ್ರೆ ನಿಮ್ಮ ಮನೆ ನಿಮಗೇ" ಎಂದಿದ್ದರು ದೊಡ್ಡವರು. ಪಾಸಾದರೆ? ಹಾಗೆ ಕೇಳಿದವರಿಗೆ ಟೀ ಕುಡಿಸಿ ಕಳಿಸಿದರು.

ಬಾಡಿಗೆ ಕೋಣೆಯಲ್ಲಿ ಮಲಗಿದರೂ ಅವಳ ಜೀವವೆಲ್ಲ ಆ ಮನೆಯಲ್ಲೇ. ತಗ್ಗು ಬಾಗಿಲಿಗೆ ದಿನಾ ತಲೆ ಬಡಿಸಿಕೊಂಡು ಗಂಡ ಬಾಗಿಲಿಗೇ ಬೈಯುತ್ತಿದ್ದ. ಅವನು ತೀರಿಹೋಗಿ ವರ್ಷಗಳಾದವು. ಬೈಗುಳ ಮಾತ್ರ ಇನ್ನೂ ಅಲ್ಲೇ ಇದೆಯೆಂದು ಅವಳ ನಂಬಿಕೆ.

ತನ್ನೂರಿನ ಮೊದಲ ದಿಂಡು ಶೆಡ್ಡಿಗೆ ಬಂದ ದಿನ ಅವಳು ಅದನ್ನು ಸುತ್ತಲಿಲ್ಲ. ಬಿಸಿಲಿಗಿಟ್ಟು ಊಟಕ್ಕೆ ಹೋದಳು. ಬರುವಷ್ಟರಲ್ಲಿ ಕಲ್ಲು ಒಡೆದ ಹಿಮ್ಮಡಿಯಂತಾಗಿತ್ತು.

ಭೂವಿಜ್ಞಾನಿ ಹುಡುಗಿ ನೋಡಿ ನಿಟ್ಟುಸಿರು ಬಿಟ್ಟಳು. "ಅಕ್ಕಾ, ಇದು ಗಾಳಿಗೆ ಒಡೆದದ್ದು. ಲೆಕ್ಕಕ್ಕೆ ಬರಲ್ಲ."

"ಹಾಗಾದ್ರೆ?"

"ಇನ್ನೊಂದು ತೂತು ಕೊರೀಬೇಕು. ಈ ಸಲ ನೀವೂ ಬನ್ನಿ, ಹೊರಗೆ ಬಂದ ತಕ್ಷಣ ಅಲ್ಲೇ ಸುತ್ತಿಬಿಡಿ."

ಊರು ಉಳಿಸಲು ಹೋಗಿ ಅದಕ್ಕೆ ಬೀಳುವ ತೂತು ಎರಡಾಯಿತು. ಆದರೂ ಊರು ಕಾಣುತ್ತದಲ್ಲ ಎಂದು ಹಾಳು ಮನಸ್ಸು ಒಳಗೊಳಗೇ ಕುಣಿಯಿತು.

ಯಂತ್ರ ನಿಲ್ಲಿಸಿದ್ದು ಅವಳ ಮನೆಯೆದುರೇ. ದಿಂಡು ಹೊರಬಂತು. ಕೂದಲೆಳೆಯಷ್ಟೂ ಬಿರುಕಿಲ್ಲ, ಬೆಣ್ಣೆಯಂಥ ನುಣುಪು.

"ಚಿನ್ನದಂಥ ಕಲ್ಲು!" ಅಂದ ಕೊರೆಯುವವನು.

"ಚಿನ್ನ ಆದ್ರೆ ನಿಮ್ಮನೆ ಅಂಗಳದಲ್ಲಿ ಇಟ್ಕೊಳ್ಳಪ್ಪ."

ಅವನು ಕೆಮ್ಮಿ ಆಚೆ ಹೋದ.

ಹಾಳೆ ಕೈಗೆತ್ತಿಕೊಂಡು ಅವಳು ಲೆಕ್ಕ ಹಾಕಿದಳು. ಮತ್ತೆ ಒಣಗಿಸಿದರೆ ಮತ್ತೊಂದು ತೂತು. ಸುಳ್ಳು ಗೆದ್ದೇ ಬಿಟ್ಟಿತು ಅನ್ನೋಣ. ಆಗ ಕಸ ಇನ್ಯಾರದೋ ಅಂಗಳಕ್ಕೆ, ಪ್ರಾಯಶಃ ನಿಜವಾಗಿಯೂ ಬಿರಿದ ಕಲ್ಲಿನೊಳಕ್ಕೆ. ದೊಡ್ಡವರಿಗಿಲ್ಲದ ಈ ಸಂಕಟ ಮೇಣ ಬಳಿಯುವವಳಿಗೆ ಯಾಕಿರಬೇಕೋ! ಇತ್ತು. ಹಾಳೆ ಸುತ್ತಿದಳು, ಮೇಣ ಬಳಿದಳು. ಕಣ್ಣು ಮಾತ್ರ ಮನೆಯ ಕಡೆಗೇ ಓಡುತ್ತಿತ್ತು.

"ಮೇಣ ಆರೋ ತನಕ ಜೀಪು ಹೊರಡಲ್ಲ ಅಲ್ವಾ?"

"ಇಲ್ಲಕ್ಕ. ಅಲುಗಾಡಿದ್ರೆ ಕೆಡುತ್ತೆ."

"ಹಾಗಾದ್ರೆ ಇನ್ನೊಂದು ಪದರ ಬಳೀತೀನಿ."

ಒಂದೇ ಪದರ ಸಾಕೆಂದು ಹುಡುಗಿಗೆ ಗೊತ್ತಿತ್ತು. ಬೇಡ ಅನ್ನಲಿಲ್ಲ. ಮೇಣದಕ್ಕ ದಪ್ಪಗೆ ಬಳಿದು, ಕೈ ಒರೆಸಿಕೊಂಡು, ತನ್ನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.