ತೊಳೆದಿಟ್ಟ ಟ್ಯಾಂಕು

ಇ-ರಿಕ್ಷಾದಿಂದ ಇಳಿಯುವಾಗ ಮುಗ್ಗರಿಸಿ ಹರಿಣಿ ಎಡಗಾಲಿನ ಮೂಳೆ ಮುರಿದುಕೊಂಡಳು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಅವಳು ಇಷ್ಟು ದೀರ್ಘ ರಜೆ ಹಾಕಿದ್ದು ಅದಕ್ಕೆ ಮೊದಲು ಹೆರಿಗೆಗೆ ಮಾತ್ರ. ಗಂಡ ಮಹಂತೇಶ್ ಬೆಳಿಗ್ಗೆಯೇ ಗುರುಗ್ರಾಮದ ಆಫೀಸಿಗೆ ಹೊರಡುತ್ತಿದ್ದ, ಮಗಳು ಕೃತಿ ಕಾಲೇಜಿಗೆ. ದೆಹಲಿಯ ದ್ವಾರಕಾದ ಆ ಫ್ಲ್ಯಾಟಿನಲ್ಲಿ ಹಗಲೆಲ್ಲ ಉಳಿಯುತ್ತಿದ್ದವರು ಹರಿಣಿ ಮತ್ತು ಅವಳ ಅತ್ತೆ ರತ್ನಮ್ಮ, ಇಬ್ಬರೇ.

ಟಿ.ವಿ. ನೋಡಿ ನೋಡಿ ತಲೆ ಚಿಟ್ಟು ಹಿಡಿದಾಗ ಹರಿಣಿ ಒಂದು ಭಾನುವಾರ ಗಂಡನಿಗೆ ಹೇಳಿದಳು. "ರೀ, ರೂಮಿನ ಸಜ್ಜಾ ಮೇಲೆ ಸೂಟ್‌ಕೇಸ್ ಹಿಂದೆ ನನ್ನದೊಂದು ರಟ್ಟಿನ ಡಬ್ಬ ಇದೆ. ಸ್ವಲ್ಪ ಇಳಿಸಿಕೊಡ್ತೀರಾ?"

ಡಬ್ಬದೊಳಗೆ ಅರ್ಧ ಜೋಡಿಸಿದ ಸೆಂಚುರಿಯನ್ ಯುದ್ಧ ಟ್ಯಾಂಕಿನ ಮಾದರಿಯಿತ್ತು. ಪ್ಲಾಸ್ಟಿಕ್ಕಿನದು, ಎರಡು ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು.

ಹರಿಣಿ ಬೆಳೆದದ್ದು ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಂದ್ರಮೋಹನ ಒಂದು ಜನವರಿ ಚಳಿಯಲ್ಲಿ ಅವಳನ್ನು ಗಣರಾಜ್ಯೋತ್ಸವದ ಪರೇಡಿನ ರಿಹರ್ಸಲ್ ನೋಡಲು ಕರೆದುಕೊಂಡು ಹೋಗಿದ್ದ. ಟ್ಯಾಂಕುಗಳು ಹಾದುಹೋದಾಗ ನೆಲ ಅದುರಿದ್ದು ಅಂಗಾಲಿಗೆ ತಿಳಿದಿತ್ತು. ಆ ವರ್ಷವೇ ಅಪ್ಪ ಟ್ಯಾಂಕಿನ ಬಿಡಿಭಾಗಗಳ ಮೊದಲ ಕಿಟ್ ತಂದುಕೊಟ್ಟ. ಆಮೇಲೆ ಮದುವೆಯಾಗುವವರೆಗೂ, ಆದಮೇಲೂ ಕೆಲವು ಕಾಲ, ಅವಳು ಒಂದಾದಮೇಲೊಂದು ಟ್ಯಾಂಕು ಜೋಡಿಸಿದಳು. ಕೃತಿ ಅಂಬೆಗಾಲಿಡಲು ಶುರುಮಾಡಿದಾಗ ಬಣ್ಣ ತೆಳುಮಾಡುವ ಥಿನ್ನರ್ ವಾಸನೆ ಮಗುವಿಗೆ ಬೇಡ, ಸಣ್ಣ ಚೂರು ಬಾಯಿಗೆ ಹಾಕಿಕೊಂಡರೆ ಏನು ಗತಿ ಎಂದು ತಾನೇ ಎಲ್ಲ ಕಟ್ಟಿಟ್ಟಳು. ಬೇಡ ಎಂದು ಯಾರೂ ಹೇಳಿರಲಿಲ್ಲ. ಮತ್ತೆ ಬಿಚ್ಚು ಎಂದೂ ಯಾರೂ ಹೇಳಲಿಲ್ಲ.

ಹಳೆಯ ಬಣ್ಣಗಳು ಶೀಶೆಯಲ್ಲೇ ಕಲ್ಲಾಗಿದ್ದವು. ಹೊಸದನ್ನು ಕೃತಿ ಫೋನಿನಲ್ಲೇ ತರಿಸಿದಳು. "ಮಮ್ಮಾ, ಸೀರಿಯಸ್ಲಿ? ಮಣ್ಣಿನ ಕಲರ್ ಪೌಡರ್ ಕೂಡ ದುಡ್ಡು ಕೊಟ್ಟು ತಗೋಬೇಕಾ? ಕೆಳಗಿನ ಪಾರ್ಕಲ್ಲಿ ತೋ ಫ್ರೀ ಮೇ ಮಿಲ್ತಾ ಹೈ!"

ಬಾಲ್ಕನಿಯಲ್ಲಿ ಮೇಜು ಹಾಕಿಸಿಕೊಂಡು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಹರಿಣಿ ಕೂತಳು. ಮೊದಲೆರಡು ದಿನ ಕೈ ಮಾತು ಕೇಳಲಿಲ್ಲ. ಕನ್ನಡಕವಿಲ್ಲದೆ ಏನೂ ಕಾಣುತ್ತಿರಲಿಲ್ಲ, ಹಾಕಿಕೊಂಡರೆ ತಲೆನೋವು. ಅಂಟು ಬೆರಳಿಗೇ ಹೆಚ್ಚು ಹತ್ತಿತು. ಆದರೂ ಗೋಪುರ ಕೂತಿತು, ತೋಪಿನ ನಳಿಗೆ ನೇರವಾಯಿತು, ಹಸಿರು ಬಣ್ಣ ಒಂದೇ ಸಮನೆ ಹಿಡಿಯಿತು.

"ಎಷ್ಟು ಲಕ್ಷಣವಾಗಿದೆ!" ಎಂದರು ರತ್ನಮ್ಮ. ಶೋಕೇಸಿನಲ್ಲಿ ಜಾಗವನ್ನೂ ಮಾಡಿದರು.

ಮರುದಿನದಿಂದ ಹರಿಣಿ ಆ ಹಸಿರಿನ ಮೇಲೆ ಕಂದು, ಕಪ್ಪು, ಬೂದಿ ಬಣ್ಣ ಬಳಿಯತೊಡಗಿದಳು. ಸ್ಪಾಂಜಿನ ತುಂಡಿನಿಂದ ಅಂಚುಗಳಲ್ಲಿ ಬಣ್ಣ ಕಿತ್ತಂತೆ ಚುಕ್ಕಿ ಇಟ್ಟಳು. ಚಕ್ರಗಳಿಗೆ ಮಣ್ಣಿನ ಪುಡಿ ಮೆತ್ತಿದಳು. ಅವಳಿಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಇದೇ. ಹೊಸ ಟ್ಯಾಂಕನ್ನು ಬಿಸಿಲು ಮಳೆ ಕಂಡ ಟ್ಯಾಂಕಾಗಿಸುವುದು.

"ಯಾಕಮ್ಮ, ಚೆನ್ನಾಗಿತ್ತಲ್ಲ?"

"ಇನ್ನೂ ಮುಗಿದಿಲ್ಲ ಅತ್ತೆ," ಎಂದಷ್ಟೇ ಹೇಳಿ ಹರಿಣಿ ತಲೆ ತಗ್ಗಿಸಿದಳು.

ಒಂದು ಮಧ್ಯಾಹ್ನ ನೋವಿನ ಮಾತ್ರೆ ನುಂಗಿ ಮಲಗಿದವಳು ಎದ್ದು ನೋಡಿದರೆ ಮೇಜು ಖಾಲಿ. ವಾಕರ್ ಹಿಡಿದು ಅಡುಗೆಮನೆಗೆ ಹೋದಳು. ತೊಳೆದ ಲೋಟಗಳ ಪಕ್ಕದಲ್ಲಿ, ಮಡಚಿದ ಟವೆಲಿನ ಮೇಲೆ ಟ್ಯಾಂಕು ಕೂತಿತ್ತು. ಹಸಿರು ಫಳಫಳ ಹೊಳೆಯುತ್ತಿತ್ತು. ಅವಳು ಎರಡು ವಾರ ಕೂತು ಹಚ್ಚಿದ ಧೂಳು, ಮಣ್ಣು ಒಂದೂ ಉಳಿದಿರಲಿಲ್ಲ. ಗೋಪುರದ ಮೇಲಿನ ಆಂಟೆನಾ ಮುರಿದಿತ್ತು.

"ಬಾಲ್ಕನಿ ಧೂಳೆಲ್ಲ ಅದರ ಮೇಲೇ ಕೂತುಬಿಟ್ಟಿತ್ತು," ಎಂದರು ರತ್ನಮ್ಮ ಹಳೆಯ ಟೂತ್‌ಬ್ರಷ್ ಒರೆಸುತ್ತ. "ಕಾಲುನೋವಲ್ಲಿ ನೀನೆಲ್ಲಿ ತೊಳೀತೀಯಾ ಅಂತ ನಾನೇ ತೊಳೆದೆ. ಕಡ್ಡಿ ಒಂದು ಮುರೀತು. ಅಂಟಿಸ್ಕೋಬಹುದಲ್ವಾ?"

ಹರಿಣಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಟದ ಸಾಮಾನಿನಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಸಿಟ್ಟು ಎಲ್ಲಿಂದ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಸಂಜೆ ಅವಳಿಂದ ವಿಷಯ ತಿಳಿದ ಮಹಂತೇಶ್ ತಾಯಿಗೆ ಸಂಗತಿ ಬಿಡಿಸಿ ಹೇಳಿದ. ರತ್ನಮ್ಮ ಒಂದೇ ಚಪಾತಿ ತಿಂದು ಎದ್ದರು.

ಬೆಳಿಗ್ಗೆ ಅವರೇ ಕಾಫಿ ಹಿಡಿದು ಬಾಲ್ಕನಿಗೆ ಬಂದರು. "ಅದು ಕೊಳೆ ಅಲ್ಲ ಅಂತ ನನಗೇನಮ್ಮ ಗೊತ್ತು? ಒಂದು ಮಾತು ಹೇಳಿದ್ರೆ ಮುಟ್ತಾನೇ ಇರಲಿಲ್ಲ."

ಅದು ನಿಜವಾಗಿತ್ತು. ಈ ಮನೆಗೆ ಬಂದು ಇಷ್ಟು ವರ್ಷವಾದರೂ, ತನಗೆ ಯಾವುದು ಯಾಕೆ ಇಷ್ಟ ಎಂದು ಅವಳು ಅತ್ತೆಗೆ ಒಮ್ಮೆಯೂ ಹೇಳಿರಲಿಲ್ಲ. ನಗಬಹುದೆಂಬ ಅಳುಕಿನಿಂದ ತಾನೇ ಬಾಯಿ ಮುಚ್ಚಿಕೊಂಡಿದ್ದಳು.

"ಕೂತ್ಕೊಳ್ಳಿ ಅತ್ತೆ," ಎಂದು ಕುರ್ಚಿ ಎಳೆದಳು. "ಈ ಟ್ಯಾಂಕು ಒಂದು ಕಾಲುವೆ ದಾಟಿ ಬಂದಿದೆ ಅಂದ್ಕೊಳ್ಳಿ. ಕೆಸರು ಚಕ್ರದವರೆಗೂ ಹತ್ತಿದೆ. ಆಮೇಲೆ ಬಿಸಿಲಲ್ಲಿ ಎರಡು ದಿನ ನಿಂತಿದೆ."

"ಹಾಗಾದ್ರೆ ಮೇಲಿನ ಕೆಸರು ಒಣಗಿ ಬಿಳಿಚಿಕೊಂಡಿರುತ್ತೆ. ಒಳಗಿನದು ಇನ್ನೂ ಕಪ್ಪಗೇ ಇರುತ್ತೆ."

"ಹೌದು!"

"ಒಳಗೆ ಜನ ಕೂತಿರ್ತಾರಾ?"

"ನಾಲ್ಕು ಜನ. ಈ ಮುಚ್ಚಳದಿಂದ ಇಳೀತಾರೆ."

ರತ್ನಮ್ಮ ಕನ್ನಡಕ ಏರಿಸಿಕೊಂಡು ಬಾಗಿದರು. "ಮತ್ತೆ ಇಲ್ಲಿ ಕೈ ಊರಿ ಊರಿ ಬಣ್ಣ ಸವೆದಿರಬೇಕಲ್ಲ. ಹಳೇ ಬಾಗಿಲ ಚಿಲಕದ ಹಾಗೆ."

ಹರಿಣಿ ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮುಚ್ಚಳದ ಅಂಚಿಗೆ ಮೆಲ್ಲಗೆ ಉಜ್ಜಿದಳು. ಅಲ್ಲಿ ಬರಿಯ ಕಬ್ಬಿಣ ಮಿನುಗಿದಂತಾಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಕಾಫಿ ಆರಿತು.

ಮಧ್ಯಾಹ್ನದ ಹೊತ್ತನ್ನೆಲ್ಲ ಇಬ್ಬರೂ ಅಲ್ಲೇ ಕಳೆಯತೊಡಗಿದರು. ಅತ್ತೆ ಸೊಪ್ಪು ಬಿಡಿಸುತ್ತ ದಾವಣಗೆರೆಯ ತವರಿನ ಸುದ್ದಿ ಹೇಳುವರು. ಸೊಸೆ ಬ್ರಷ್ ಆಡಿಸುತ್ತ ಹೂಂಗುಟ್ಟುವಳು. ಊರಿನಲ್ಲಿ ಅಣ್ಣ ಹಳೆಯ ಲಾರಿ ಓಡಿಸುತ್ತಿದ್ದುದನ್ನು, ಅದರ ಮೆಟ್ಟಿಲ ಮೇಲೆ ಕೂತು ತಾವು ಸಂತೆಗೆ ಹೋಗುತ್ತಿದ್ದುದನ್ನು ರತ್ನಮ್ಮ ಹೇಳಿದ್ದು ಆಗಲೇ. ಮಹಂತೇಶನಿಗೂ ಅದು ಹೊಸ ಸುದ್ದಿಯಾಗಿತ್ತು. ಈ ಸಲ ಹರಿಣಿ ಕೊನೆಗೆ ವಾರ್ನಿಷ್ ಹೊಡೆದು ಮಣ್ಣನ್ನು ಭದ್ರಮಾಡಿ ಟ್ಯಾಂಕನ್ನು ಶೋಕೇಸಿನಲ್ಲಿಟ್ಟಳು. ಕೆಲಸದ ಹೆಂಗಸು ಬಟ್ಟೆ ಹಿಡಿದು ಶೋಕೇಸಿನ ಹತ್ತಿರ ಬಂದಾಗ ರತ್ನಮ್ಮ ಸೋಫಾದಿಂದಲೇ ಕೂಗಿದರು. "ಅರೇ, ಉಸಕೋ ನಹೀ! ವೋ ಕೊಳೆ ನಹೀ ಹೈ!"

ಪ್ಲಾಸ್ಟರ್ ಬಿಚ್ಚಿದರು. ಹರಿಣಿ ಮತ್ತೆ ಮೆಟ್ರೊ ಹತ್ತಿ ಕಚೇರಿಗೆ ಹೋಗತೊಡಗಿದಳು. ಬಾಲ್ಕನಿಯ ಮೇಜನ್ನು ಮಾತ್ರ ಯಾರೂ ಎತ್ತಲಿಲ್ಲ. ಮುಂದಿನ ಕಿಟ್ ಯಾವುದೆಂದು ಒಂದು ಭಾನುವಾರ ಹರಿಣಿ ಫೋನಿನಲ್ಲಿ ಚಿತ್ರಗಳನ್ನು ಸರಿಸುತ್ತಿದ್ದಾಗ ರತ್ನಮ್ಮ ಬಂದು ಪಕ್ಕ ಕೂತರು.

"ಬರೀ ಟ್ಯಾಂಕೇನಾ? ಲಾರಿ ಸಿಗಲ್ವಾ?"

"ಸಿಗುತ್ತೆ ಅತ್ತೆ," ಎಂದು ಹರಿಣಿ ಫೋನನ್ನು ಅವರ ಕಡೆ ತಿರುಗಿಸಿದಳು. "ನೀವೇ ಆರಿಸಿ."